ರುಜಾರ್ ಬಾಬನ ವಹಿ

ಶೆಂಗಾ ಸತ್ತದ್ದು ಏಳಕ್ಕೆ.
ತೊಡೆಯ ಮೇಲೊಂದು ಗಂಟು, ಹುಣಸೆಬೀಜದಷ್ಟು,
ಉಣ್ಣಿ ಕಚ್ಚಿರಬೇಕೆಂದು ಕೊಬ್ಬರಿ ಎಣ್ಣೆ ಸವರಿದೆ.
ದಸರೆಯ ಹೊತ್ತಿಗೆ ನಿಂಬೆಹಣ್ಣು.
ಕೋಡಿಬಾಗದ ಡಾಕ್ಟರು ಸೂಜಿಯಲ್ಲಿ ಹೀರಿ ಗಾಜಿಗೆ ಹಚ್ಚಿ
"ಬಾಕ್ಸರ್ ಅಲ್ವಾ, ಈ ಜಾತಿಗೆ ಬರೋದೇ" ಅಂದರು,
ಕಾಳಿಗೆ ಭರತ ಬರೋದೇ ಅನ್ನುವ ಹಾಗೆ.

ವರ್ಷ ಕಳೆದು ಹುಡುಕಲು ಹೊರಟೆ.
ಬೀದಿಯಲ್ಲಿ ಬೇಕಾದಷ್ಟಿವೆಯಲ್ಲ, ಅಂದರು.
ಇವೆ. ಅವಕ್ಕೂ ಅನ್ನ ಹಾಕುತ್ತೇನೆ.
ಆದರೆ ನನಗೆ ಆ ಮೂತಿಯೇ ಬೇಕಿತ್ತು,
ಬಾಗಿಲಿಗೆ ಒತ್ತಿ ಹಿಡಿದಂಥ ಚಪ್ಪಟೆ ಮೂತಿ,
ನನ್ನ ಪಾದದ ಮೇಲೇ ಕೂರುವ ಆ ಭಾರ.

ಮಾಜಾಳಿಯವನು ಕಡತ ಬಿಚ್ಚಿದ:
ಚಾಂಪಿಯನ್ ಅಪ್ಪ, ಚಾಂಪಿಯನ್ ಅಜ್ಜ,
ಐದು ತಲೆಮಾರು, ರಿಬ್ಬನ್ನು, ಬೆಳ್ಳಿ ಬಟ್ಟಲು.
"ಅಜ್ಜ ಹೇಗೆ ಸತ್ತ?" ಕೇಳಿದೆ.
ಫೋನು ಬಂದವನಂತೆ ಎದ್ದು ಹೋದ.
ಅಂಕೋಲೆಯವಳು ಚಹಾ ಕೊಟ್ಟಳು,
"ಮರಿ ನೋಡಿ ಅಕ್ಕ, ಒಳ್ಳೆ ಹೊತ್ತಲ್ಲಿ ಸಾವು ಯಾಕೆ?"
ಮರಿ ನನ್ನ ಚಪ್ಪಲಿಯ ಪಟ್ಟಿ ಜಗಿಯುತ್ತಿತ್ತು.
ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆಗಿರಲಿಲ್ಲ.

ನಮ್ಮಲ್ಲೂ ಅಷ್ಟೇ.
ನನ್ನ ಮದುವೆಗೆ ಗೋತ್ರ ಕೇಳಿದರು, ನಕ್ಷತ್ರ ಕೇಳಿದರು.
ಅಮ್ಮನ ತಂಗಿಯರು ಮೂವರೂ ನಲವತ್ತೈದು ದಾಟಲಿಲ್ಲ,
ಅದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.
ಹೊಟ್ಟೆನೋವು ಅಂದೆವು.
ಮೂವರಿಗೂ ಹೊಟ್ಟೆನೋವು.

ಸುಂಕೇರಿಯ ರುಜಾರ್ ಬಾಬ್, ಬಂದರಿನಲ್ಲಿ ಕ್ರೇನ್ ಓಡಿಸಿದವ,
ಕೆಂಪು ಬಟ್ಟೆಯ ಉದ್ದನೆ ವಹಿ ತೆಗೆದ, ಮೀನಿನ ಲೆಕ್ಕದ್ದು.
ಬೆಲ್ಲಾ, ಹನ್ನೊಂದು, ಮುಪ್ಪು.
ಟೈಸನ್, ಆರು, ಗುಲ್ಮದಲ್ಲಿ ಗಡ್ಡೆ, ಒಡೆದು.
ಕುಟ್ಟಿ, ಒಂಬತ್ತು, ಲಾರಿ.
ಹುಬ್ಬಳ್ಳಿಗೆ ಹೋದದ್ದು, ಫೋನ್ ಎತ್ತುವುದಿಲ್ಲ.
ಪ್ರತಿ ನಾತಾಳಕ್ಕೂ ಎಲ್ಲ ಮನೆಗೆ ಕರೆ ಮಾಡುತ್ತಾನಂತೆ,
ಶುಭಾಶಯ ಅರ್ಧ ನಿಮಿಷ, ಆಮೇಲೆ
"ಗಂಟು ಇದ್ಯಾ? ಕಂಕುಳಲ್ಲಿ ಕೈ ಆಡಿಸಿ ನೋಡಿದ್ರಾ?"

"ಟೈಸನ್ನಿನ ಕಡೆಯವನ್ನು ಕೂಡಿಸೋದು ಬಿಟ್ಟೆ," ಅಂದ.
"ಚೆಂದವೆಲ್ಲ ಆ ಸಾಲಲ್ಲೇ ಇತ್ತು."
ಮತ್ತೆ ಸ್ವಲ್ಪ ಹೊತ್ತು ಕನ್ನಡಕ ಒರೆಸಿದ.
"ಬರೋದೇ ಇಲ್ಲ ಅಂತ ಬರೆದು ಕೊಡೋಕಾಗಲ್ಲ ಬಾಯಿ.
ಕಡಿಮೆ. ಅಷ್ಟೇ ಹೇಳಬಲ್ಲೆ."
ಈಗ ಮರಿಯಿಲ್ಲ. ಫ್ಲೋರಾಗೆ ಮೂರು ತುಂಬಬೇಕು,
ಹೃದಯದ ಪರೀಕ್ಷೆ ಆಗಬೇಕು, ಅವಳಮ್ಮ ಹತ್ತು ದಾಟಬೇಕು.
ಬರುವ ಮಾರ್ಚ್, ಇಲ್ಲವೆ ಅದರಾಚೆಯದು.

ಮುಂಗಡ ತಗೊಳ್ಳಲಿಲ್ಲ. ಶೆಂಗಾನ ಬಗ್ಗೆ ಕೇಳಿದ,
ಎಲ್ಲಿಂದ ತಂದದ್ದು, ಗಂಟು ಯಾವ ತಿಂಗಳು, ಎಷ್ಟು ದಿನ ಉಣ್ಣಲಿಲ್ಲ.
ಅವನ ಸಾಲಿನದ್ದಲ್ಲ ಅದು. ಆದರೂ ಕೊನೆಯ ಪುಟದಲ್ಲಿ
"ಹೊರಗಿನವು" ಎಂಬಲ್ಲಿ ಬರೆದುಕೊಂಡ: ಸೆಂಗಾ, ಏಳು.
ಕಾಗುಣಿತ ತಿದ್ದಲು ಮನಸ್ಸಾಗಲಿಲ್ಲ.

ಸುಂಕೇರಿ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿದೆ.
ಕೆಳಗೆ ಇಳತ, ಕೆಸರಲ್ಲಿ ಬಳಚು ಆಯುವವರು.
ತಂಗಿಗೆ ಫೋನು ಹಚ್ಚಿ,
"ಚಿಕ್ಕಮ್ಮಂದಿರದು ಹೊಟ್ಟೆನೋವಲ್ಲ," ಅಂದೆ.
ಆಚೆ ಕುಕ್ಕರ್ ಕೂಗುತ್ತಿತ್ತು.
"ಗೊತ್ತು," ಅಂದಳು,
"ಇರು, ಗ್ಯಾಸ್ ಆರಿಸಿ ಬಂದೆ."