ನೋನಾ, ಹೋಹಾ

ಸ್ಲಿವೆನ್ ಊರಿನ ಕಾಲುಚೀಲದ ಕಾರ್ಖಾನೆ. ಎರಡು ಕಂಪ್ಯೂಟರು
ಕೂಗಳತೆಯಲ್ಲೇ ಕೂತಿವೆ, ನಡುವೆ ಒಂದು ಹಲಗೆ ಗೋಡೆ.
ಹಳೆಯದು ಹೆಣಿಗೆ ಯಂತ್ರವನ್ನು ಕಿವಿ ಹಿಡಿದು ಆಡಿಸುವಂಥದ್ದು;
ಚೂರು ಕಡಿಮೆ ಹಳೆಯದರ ಹೊಟ್ಟೆಯಲ್ಲಿ
ನೋನಾ ಬರೆದಿಟ್ಟ ಬಳ್ಳಿಯ ನಮೂನೆಗಳು.

ಮೇಜಿನಡಿ ನುಗ್ಗಿದೆ. ಕೇಬಲ್ಲಿನ ತುದಿಗೆ
ಉಣ್ಣೆಯ ಧೂಳು, ಒಂದು ಸೂರ್ಯಕಾಂತಿ ಸಿಪ್ಪೆ.
ಊದಿದೆ, ಚುಚ್ಚಿದೆ, ಹಸಿರು ದೀಪ ಮಿಣುಕಿತು.
ಪಿಂಗ್ ಕಳಿಸಿದರೆ ನಾಲ್ಕಕ್ಕೆ ನಾಲ್ಕೂ ವಾಪಸು:
ಇದ್ದೇನೆ, ಇದ್ದೇನೆ, ಇದ್ದೇನೆ, ಇದ್ದೇನೆ.
ಫೋಲ್ಡರ್ ಮುಟ್ಟಿದರೆ ಮಾತ್ರ,
ನೀವು ಯಾರು?

"ಬಂತಾ?" ಗೋಡೆಯಾಚೆಯಿಂದ ನೋನಾ.
"ಇಲ್ಲ."
ಫೈರ್‌ವಾಲ್ ಆರಿಸಿದೆ. ಪಾಸ್‌ವರ್ಡ್ ಬದಲಿಸಿದೆ.
ಮಾಲೀಕ ಗೆನ್ಚೊ ಬಂದು ಹಳೆಯದರ ನೆತ್ತಿಗೆ ಎರಡು ತಟ್ಟಿ
ಮೊದಲೆಲ್ಲ ಇಷ್ಟಕ್ಕೇ ಸರಿಹೋಗ್ತಿತ್ತು ಎಂದು ಹೋದ.

ಮೂರನೇ ಕಾಫಿಯ ಹೊತ್ತಿಗೆ, ಬೇಸತ್ತು,
ಬಳಕೆದಾರರ ಪಟ್ಟಿಯಲ್ಲಿದ್ದ ಹೆಸರು ಅಳಿಸಿ
ಮತ್ತೆ ಒತ್ತಲು ಹೋದಾಗ ಸಿಕ್ಕಿತು:
ಯಾರೋ ಎಂದೋ ಸಿರಿಲಿಕ್ ಕೀಲಿ ಕಾಣದೆ
ರೂಪ ಹೋಲುವ ಲ್ಯಾಟಿನ್ ಅಕ್ಷರ ಹೆಕ್ಕಿದ್ದಾರೆ.
ಅದೇ ಏಣಿ, ಅದೇ ಸೊನ್ನೆ, ಮತ್ತೆ ಅದೇ ಏಣಿ;
ಕಣ್ಣಿಗೆ ನೋನಾ,
ಯಂತ್ರಕ್ಕೆ ಹೋಹಾ.

"ದಾಫಿನಾ!" ಎಂದಳು ನೋನಾ, ಗೋಡೆ ಸುತ್ತಿ ಬಂದು.
"ನನಗಿಂತ ಮೊದಲು ಈ ಕುರ್ಚಿ ಅವಳದು.
ಹೋಗುವ ದಿನ ನನ್ನ ಹೆಸರು ಹಾಕಿಕೊಟ್ಟಿದ್ದಳು,
ಒಂದೇ ಬೆರಳಲ್ಲಿ."

ಅಳಿಸಬೇಡ, ಕೆಳಗೆ ನನ್ನನ್ನೂ ಬರೆ ಎಂದಳು.
ಬರೆದೆ. ಕದ ತೆರೆಯಿತು.
ನಕಲಾಗಲು ಏಳು ನಿಮಿಷ ಎಂದಿತು,
ಆಮೇಲೆ ನಲವತ್ತು, ಆಮೇಲೆ ಎರಡು.
ಸಿಪ್ಪೆ ಬಿಡಿಸುತ್ತ ಕೂತೆವು.