ಲೆಕ್ಕ ಸರಿಯಿದೆ

ಹಾಸನದ ಆಸ್ಪತ್ರೆ, ಎರಡನೇ ಮಹಡಿ,
ಸೋರುವ ಏಸಿಯ ಕೆಳಗೊಂದು ಬಕೆಟ್ಟು.
ಮರುಳಸಿದ್ದಪ್ಪನವರ ಕತ್ತಿನ ಗಂಟು
ಮೈಸೂರಿಗೆ ಹೋಗಿ, ಹದಿನೇಳು ದಿನ ಕಳೆದು,
ಒಂದು ಹಾಳೆಯಾಗಿ ವಾಪಸು ಬಂದಿದೆ.

ಕನ್ನಡಕ ಏರಿಸಿ ಅವರೇ ಓದಿದರು:
ಹದಿನಾಲ್ಕು, ಹದಿನೆಂಟು.
"ಯಾವ ಗಾಡಿ ಮೇಡಂ ಇದು?"

ಅರಸೀಕೆರೆ ಜಂಕ್ಷನ್ನಿನಲ್ಲಿ
ಮೂವತ್ತೊಂದು ವರ್ಷ ಷಂಟಿಂಗ್ ಮಾಡಿದವರು.
ಎರಡು ಬೋಗಿಗಳ ನಡುವೆ ಬಗ್ಗಿ
ಕೊಂಡಿ ಕಳಚಿ, ಕೊಂಡಿ ಹಾಕಿ,
ಎಡಗೈಯ ಕಿರುಬೆರಳನ್ನು ಅಲ್ಲೇ ಬಿಟ್ಟು ಬಂದವರು.
ಇವರಿಗೆ ನಾನು ಯಾವ ಪಾಠ ಹೇಳಲಿ.

ರಿಪೋರ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ.
ಇದು ಹದಿನಾಲ್ಕನೇ ವರ್ಣತಂತು, ಇದು ಹದಿನೆಂಟನೆಯದು.
ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ.
ಅವರು ಪೆನ್ಸಿಲ್ ಇಸಿದುಕೊಂಡು
ಗೆರೆಗಳಿಗೆ ಗಾಲಿ ಬರೆದರು.

"ಬೋಗಿ ಯಾವುದೂ ಕಳೆದಿಲ್ಲ?"
ಇಲ್ಲ.
"ಹೆಚ್ಚಿಗೆ ಬಂದಿಲ್ಲ?"
ಇಲ್ಲ.
"ಹಂಗಾದ್ರೆ ಗಾರ್ಡು ಎಣಿಸಿದ್ರೂ ಲೆಕ್ಕ ಸರೀನೇ."
ಸರಿಯೇ. ಅದೇ ತೊಂದರೆ.

ಹದಿನೆಂಟರಲ್ಲಿ ಒಂದು ಬೋಗಿ ಇತ್ತು,
ಈಗಲೇ ಸಾಯಬೇಡ ಎಂದು
ಜೀವಕೋಶಕ್ಕೆ ಹೇಳುವುದು ಅದರ ಕೆಲಸ.
ಹೇಳುತ್ತಿತ್ತು, ಬೇಕಾದಾಗ, ಮೆಲ್ಲಗೆ.
ಹದಿನಾಲ್ಕರ ಇಂಜಿನ್ನೋ ಹಗಲಿರುಳು ಆರದ್ದು,
ರೋಗದ ಮೇಲೆ ಬಿಡುವ ಬಾಣಗಳನ್ನು
ತಟ್ಟುತ್ತಲೇ ಇರುವ ಕುಲುಮೆ.
ಇದಕ್ಕೆ ಅದು ತಗುಲಿಕೊಂಡಿತು.
ಈಗ ಕೂಗು ನಿಲ್ಲುವುದಿಲ್ಲ:
ಸಾಯಬೇಡ, ಸಾಯಬೇಡ, ಸಾಯಬೇಡ.
ಸಾಯುವುದನ್ನು ಮರೆತ ಕಣಗಳು
ಕತ್ತಿನಲ್ಲಿ, ಕಂಕುಳಲ್ಲಿ,
ಗಾಡಿ ಬಂದರೂ ಏಳದ ಪ್ರಯಾಣಿಕರ ಹಾಗೆ
ಕೂತುಬಿಟ್ಟಿವೆ.

(ಹೋದ ತಿಂಗಳು ಹೊಳೆನರಸೀಪುರದ ಹುಡುಗ, ಏಳು ವರ್ಷ,
ದವಡೆ ಊದಿತ್ತು. ಅವನದು ಎಂಟು, ಹದಿನಾಲ್ಕು.
ಅದೇ ಇಂಜಿನ್ನು, ಬೇರೆ ಬೋಗಿ.
ಎರಡಾಗು ಎನ್ನುವುದು ಮಾತ್ರ ಅದಕ್ಕೆ ಗೊತ್ತು.
ಸಂಜೆ ಅಳೆದ ಊತ ಬೆಳಗ್ಗೆ ಟೇಪಿಗೆ ಸಿಗುತ್ತಿರಲಿಲ್ಲ.
ಔಷಧಿ ಓಡಿಸಿದೆವು, ಅಷ್ಟೇ ಬೇಗ ಕರಗಿತು.
ಇದನ್ನು ಇವರಿಗೆ ಹೇಳಲಿಲ್ಲ.)

"ಯಾರ ತಪ್ಪು ಮೇಡಂ? ಬೀಡೀದಾ? ಡೀಸೆಲ್ ಹೊಗೇದಾ?"

ಈ ಕಣಗಳ ಕಸುಬೇ ಕತ್ತರಿಸಿ ಜೋಡಿಸುವುದು,
ಹೊಸ ಶತ್ರುವಿಗೆ ಹೊಸ ಬಾಣ ಬೇಕಲ್ಲ.
ಯಾವತ್ತೋ, ಮೂಳೆಯ ಮಜ್ಜೆಯ ಕತ್ತಲಲ್ಲಿ,
ನಿಮ್ಮನ್ನು ಕಾಯುವ ಕೆಲಸ ಮಾಡುವಾಗಲೇ
ಒಂದು ಕೊಂಡಿ ಪಕ್ಕದ ಹಳಿಯದಕ್ಕೆ ಬಿತ್ತು.

ಅವರು ಎಡಗೈ ನೋಡಿಕೊಂಡರು.
"ಡ್ಯೂಟಿ ಮೇಲೇ ಆದದ್ದು," ಎಂದರು,
ಇನ್ನೊಬ್ಬ ಷಂಟರ್ ಪರವಾಗಿ
ಸಾಕ್ಷಿ ಹೇಳುವ ಹಾಗೆ.

ಮದ್ದು ಈಗಲೇ ಬೇಡ. ಇದು ನಿಧಾನದ ಗಾಡಿ.
ಮೂರು ತಿಂಗಳಿಗೊಮ್ಮೆ ಬನ್ನಿ, ನೋಡೋಣ, ಕಾಯೋಣ.
ಈ ಮಾತಿಗೆ ಎಷ್ಟೋ ಜನ ನನ್ನ ಮೇಲೆ ರೇಗಿದ್ದಾರೆ,
ಒಬ್ಬರು ಕುರ್ಚಿ ತಳ್ಳಿ ಹೋಗಿದ್ದಾರೆ.
ಮರುಳಸಿದ್ದಪ್ಪ ಹಾಳೆ ಮಡಿಸಿ ಜೇಬಿಗಿಟ್ಟು
"ಔಟರಿನಲ್ಲಿ ನಿಲ್ಲಿಸಿದ್ದೀರಿ ಅನ್ನಿ," ಎಂದರು.

ಬಾಗಿಲ ತನಕ ಹೋದವರು ತಿರುಗಿ ಬಂದು,
ಕಿವಿಯ ಮೇಲಿಂದ ತೆಗೆದು
ನನ್ನ ಪೆನ್ಸಿಲ್ ಕೊಟ್ಟರು.