ಅಜುಜಿಯ ತೂಕ

ಮಗುವಿನ ಹೆಸರು ಅಜುಜಿ.
ಹಾಗೆಂದರೆ ತಿಪ್ಪೆ.
ಮೇಲಿನ ಮೂರು ಉಳಿದವು, ಆಮೇಲಿನ ಎರಡನ್ನು ಮಣ್ಣಿಗೆ ಕೊಟ್ಟವಳು
ಇದನ್ನು ಹೆತ್ತ ದಿನವೇ ಕಸದ ಗುಡ್ಡೆಯ ಮೇಲಿಟ್ಟು
ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದು
ಯಾರೋ ಬಿಸಾಡಿದ್ದು ಸಿಕ್ಕಿತೆಂಬಂತೆ ಎತ್ತಿಕೊಂಡಳಂತೆ.
ಕಸವನ್ನು ಸಾವೂ ಮುಟ್ಟುವುದಿಲ್ಲ,
ಅತ್ತೆ ಹೇಳಿಕೊಟ್ಟಿದ್ದು.

ಜಿಂದರ್ ದಾಟಿ, ನೈಜರಿನ ಮಣ್ಣು ರಸ್ತೆ ಮುಗಿದ ಮೇಲೂ ಎರಡು ಮೈಲಿ.
ಜುಲೈ. ಸಜ್ಜೆ ಮೊಣಕಾಲೆತ್ತರ ಬಂದಿದೆ,
ಹಸಿರೆಂದರೆ ಹಸಿರು. ದಾರಿಹೋಕರು ನೋಡಿ
ಇಲ್ಲೇನು ಕಡಿಮೆ ಅನ್ನಬೇಕು.
ತೆನೆಗೆ ಇನ್ನೂ ಎಪ್ಪತ್ತು ದಿನ.
ಕಣಜದೊಳಗೆ ತಲೆ ಹಾಕಿದರೆ ಬರೀ ಗೋಡೆಯ ವಾಸನೆ;
ಹೋದ ತಿಂಗಳೇ ಪೊರಕೆಯಿಂದ ಗುಡಿಸಿ
ಆ ದೂಳನ್ನೂ ಜರಡಿ ಹಿಡಿದಾಗಿದೆ.

ನಾನು ಪಟ್ಟಿ ಹಿಡಿದು ಬರುವವಳು.
ಎಡತೋಳಿನ ನಡುವಿಗೆ ಸುತ್ತಿ, ಎಳೆದು
ಕಿಂಡಿಯಲ್ಲಿ ಬಣ್ಣ ನೋಡುತ್ತೇನೆ.
ಹಸಿರು ಬಂದರೆ ಮುಂದಿನ ಮನೆ. ಹಳದಿಗೆ ಎರಡು ಮಾತು.
ಕೆಂಪಿಗೆ ವಾರಕ್ಕೆ ಹದಿನಾಲ್ಕು ಪೊಟ್ಟಣ ಶೇಂಗಾ ಮುದ್ದೆ,
ಮೂಲೆ ಹರಿದು ಬಾಯಿಗಿಟ್ಟರಾಯಿತು, ಒಲೆ ಬೇಡ, ಸೌದೆ ಬೇಡ.
ಅಜುಜಿಗೆ ಇದು ನಾಲ್ಕನೆಯ ವಾರ.
ತಕ್ಕಡಿಯ ಮುಳ್ಳು
ಎಲ್ಲಿತ್ತೋ ಅಲ್ಲೇ.

ತೂಕ ಏರದಿದ್ದರೆ ಕಾರಣ, ಎಂದು ನಮೂನೆಯಲ್ಲೊಂದು ಸಾಲು.
ಭೇದಿ? ಇಲ್ಲ. ಜ್ವರ? ಇಲ್ಲ.
ಸೊಳ್ಳೆ ಪರದೆ? ಇದೆ, ತೂತಿದೆ.
ಪೊಟ್ಟಣ ಯಾರಿಗೆ ಕೊಟ್ಟೆ, ಬರೀರಾ?

ಅವಳು ಮುಖವೆತ್ತಲಿಲ್ಲ.
ತಗಚೆ ಸೊಪ್ಪು ಸೋಸುತ್ತಲೇ ಅಂದಳು:
ಮಗುವಿಗೇ ಕೊಟ್ಟೆ.
ಮಕ್ಕಳು ನಾಲ್ಕಿವೆ.

ಮೇಕೆ ಏಪ್ರಿಲಿನಲ್ಲೇ ಹೋಯಿತು.
ಮದುವೆಗೆ ತವರಿನವರು ಕೊಟ್ಟ ಹೂವಿನ ಬೋಗುಣಿಗಳು ಒಂದೊಂದಾಗಿ,
ದೊಡ್ಡದು ಮೊದಲು.
ಕಾನೋದ ಬೀದಿಯಲ್ಲಿ ನೀರು ಮಾರುವ ಗಂಡ ಕಳಿಸಿದ ದುಡ್ಡು
ಅಂಗಡಿಯ ಸಾಲಕ್ಕೇ ಸಾಲಲಿಲ್ಲ.
ನೀನೇನು ಉಂಡೆ ಅಂದೆ.
ಅಡುಗೆ ಮಾಡಿದ ಕೈಗೆ ಹಸಿವಿಲ್ಲ ಅಂದಳು.

ಈಗ ನಾನು ತಿಳಿಹೇಳಬೇಕು. ತರಬೇತಿಯಲ್ಲಿ ಕಲಿಸಿದ್ದಾರೆ,
ಇದು ತಿಂಡಿಯಲ್ಲ, ಔಷಧಿ, ಹಂಚಬಾರದು,
ದನಿ ಮೆತ್ತಗಿರಲಿ.
ಬಾಯಿ ತೆರೆದೆ. ನಮ್ಮಮ್ಮ ಅಡ್ಡ ಬಂದಳು,
ಬೇಯಿಸಿದ ಒಂದೇ ಮೊಟ್ಟೆಯನ್ನು ದಾರದಲ್ಲಿ ಐದು ಹೋಳು ಕೊಯ್ದು
ದಾರಕ್ಕಂಟಿದ ಹಳದಿಯನ್ನು
ತಾನು ಚೀಪುತ್ತಿದ್ದವಳು.
ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಲಾರಬಾ ಬಂದಳು,
ಬುಧವಾರ ಹುಟ್ಟಿದವಳು, ಆರು ತುಂಬಿದೆ.
ಖಾಲಿ ಪೊಟ್ಟಣ ಒಂದನ್ನು ಒಳಹೊರಗು ಮಾಡಿ
ಬೆರಳಿಗೆ ತೊಡಿಸಿಕೊಂಡಿದ್ದಾಳೆ.
ಇನ್ನೊಂದು ತೋಳು ಚಾಚಿ ನಿಂತಳು: ನಂದೂ ನೋಡು.
ಈ ಪಟ್ಟಿ ಐದರವರೆಗೆ ಮಾತ್ರ, ಮರಿ.
ತೋಳು ಹಿಂದೆ ಹೋಗಲಿಲ್ಲ.

ಸುತ್ತಿದೆ. ಎಳೆದೆ.
ಇನ್ನೂ ಎಳೆದೆ.
ಯಾವ ಬಣ್ಣ?

ಹಸಿರು, ಅಂದೆ.
ನಗಲೆಂದು ಹೇಳಿದ ಸುಳ್ಳು.

ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡಳು,
ತುಟಿ ಒಮ್ಮೆ ಅದುರಿತು.
ಹಸಿರಿಗೆ ಏನೂ ಕೊಡುವುದಿಲ್ಲವೆಂದು
ಈ ಊರಿನಲ್ಲಿ
ಆಡುವ ಮಕ್ಕಳಿಗೂ ಗೊತ್ತು.